ಒಂದು ನಡೆಗೆ ಏಳು ದಿನ: ಹಲಸಿನ ಮರದ ಬುಡದಿಂದ ಲೀಚೆಸ್ ವಿಮರ್ಶೆ

ನಮ್ಮ ಮನೆ ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಸಿಗುವ ಮೊದಲೇ ಮಣ್ಣು ರಸ್ತೆಗೆ ಇಳಿದರೆ ಸಿಗುತ್ತದೆ. ಮನೆಯೊಳಗೆ ಸಿಗ್ನಲ್ ಇಲ್ಲ. ಜಗುಲಿಯಲ್ಲಿ ಕೆಲವೊಮ್ಮೆ ಒಂದು ಕಡ್ಡಿ. ದರೆ ಹತ್ತಿ ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು. ಇಂಥ ಮನೆಯಿಂದ ಆನ್‌ಲೈನ್ ಆಟದ ವಿಮರ್ಶೆ ಬರೆಯುತ್ತೇನೆ ಅಂದಾಗ ಮನೆಯವರು ನಕ್ಕರು. ನಗಲಿ. ನಾನು ಹೇಳಹೊರಟಿದ್ದು ಗಡಿಬಿಡಿಯ ಆಟದ ಬಗ್ಗೆ ಅಲ್ಲ.

ಲೀಚೆಸ್ ಅಂದರೆ ಚದುರಂಗ ಆಡುವ ಜಾಲತಾಣ, ಆ್ಯಪ್ ಕೂಡ ಇದೆ. ಹೆಚ್ಚಿನವರು ಅಲ್ಲಿ ಮೂರು ನಿಮಿಷ, ಐದು ನಿಮಿಷದ ಆಟ ಆಡುತ್ತಾರೆ. ಅದು ನನ್ನಿಂದ ಆಗದ ಕೆಲಸ. ಯೋಚನೆ ಮಾಡಿ ಬೆರಳು ಇಡುವುದರೊಳಗೆ ಸಿಗ್ನಲ್ ಹೋಗಿ ಸೋತಿರುತ್ತೇನೆ. ಆದರೆ ಅಲ್ಲೇ ಒಂದು ಮೂಲೆಯಲ್ಲಿ ‘ಕರೆಸ್ಪಾಂಡೆನ್ಸ್’ ಅಂತ ಇದೆ. ಹಿಂದೆ ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದರಲ್ಲ, ಹಾಗೆ. ಒಂದು ನಡೆಗೆ 1 ದಿನದಿಂದ 14 ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು. ನಾನು 7 ದಿನ ಇಟ್ಟುಕೊಳ್ಳುತ್ತೇನೆ. ಒಂದು ಆಟ ಮುಗಿಯಲು ನಾಲ್ಕೈದು ತಿಂಗಳು. ಒಮ್ಮೆ ಅಡಿಕೆ ಕೊನೆ ಕೊಯ್ಲಿಗೆ ಶುರುಮಾಡಿದ ಆಟ ಮಳೆ ಬಿದ್ದ ಮೇಲೆ ಮುಗಿಯಿತು. ಒಂದು ನಡೆಗೆ ಬೇಕಾಗುವ ಡೇಟಾ ತೀರಾ ಕಡಿಮೆ. ಎರಡು ಕಡ್ಡಿ ಸಾಕು.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆಯವರು ಮೊದಲು ಕೇಳುವುದೇ ಅದು. ಪೂರ್ತಿ ಪುಕ್ಕಟೆ. ಜಾಹೀರಾತು ಇಲ್ಲ, ‘ಇನ್ನೂ ಚೆನ್ನಾಗಿ ಆಡಲು ಇಷ್ಟು ಕಟ್ಟಿ’ ಅನ್ನುವ ಕಾಟ ಇಲ್ಲ. ತಿಬೋ ಡುಪ್ಲೆಸಿ ಅನ್ನುವ ಫ್ರಾನ್ಸಿನ ಪ್ರೋಗ್ರಾಮರ್ 2010ರಲ್ಲಿ ಶುರುಮಾಡಿದ್ದು. ಈಗ ಅಲ್ಲಿ ಲಾಭಕ್ಕಲ್ಲದ ಸಂಸ್ಥೆಯಾಗಿ, ಜನ ಕೊಡುವ ದೇಣಿಗೆಯಲ್ಲೇ ನಡೆಯುತ್ತದೆ. ದೇಣಿಗೆ ಕೊಟ್ಟವರ ಹೆಸರಿನ ಪಕ್ಕ ಒಂದು ರೆಕ್ಕೆಯ ಗುರುತು ಬರುತ್ತದೆ, ಅಷ್ಟೇ. ಆಟದಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ದೇವಸ್ಥಾನದ ಗೋಡೆಗೆ ದಾನಿಗಳ ಹೆಸರು ಕೆತ್ತಿದ ಕಲ್ಲು ಹಾಕುತ್ತಾರಲ್ಲ, ಅದಕ್ಕಿಂತ ಚಿಕ್ಕ ಆಸೆ.

ನನಗೆ ಚದುರಂಗ ಕಲಿಸಿದ್ದು ಅಪ್ಪ. ಅದು ಹಳೇ ಕ್ರಮದ ಆಟ. ಕಾಲಾಳು ಒಂದೇ ಮನೆ ಮುಂದೆ ಹೋಗಬೇಕು. ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ನನಗೆ ಐವತ್ತು ದಾಟಿದ ಮೇಲೆ, 2021ರ ಜನವರಿಯಲ್ಲಿ, ಅಕ್ಕನ ಮಗ ಈ ಆ್ಯಪ್ ಹಾಕಿಕೊಟ್ಟ. ಹೊಸಬರಿಗೆ ಅಲ್ಲಿ 1500 ರೇಟಿಂಗ್, ಅಂದರೆ ಆಟದ ಮಟ್ಟ ಹೇಳುವ ಅಂಕ, ಕೊಟ್ಟು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕುತ್ತಾರೆ. ನನ್ನ ಮಟ್ಟಿಗೆ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಹತ್ತು ಆಟದಲ್ಲಿ 1180ಕ್ಕೆ ಇಳಿದೆ.

ಮೊದಲ ಆಟದಲ್ಲೇ ರಾಜನನ್ನು ಕುದುರೆಯ ಹಾಗೆ ಹಾರಿಸಲು ಹೋದೆ. ಆ್ಯಪ್ ಬಿಡಲಿಲ್ಲ. ಫೋನ್ ಹಾಳಾಗಿದೆ ಅಂದುಕೊಂಡೆ. ಆಮೇಲೆ ನನ್ನ ಕಾಲಾಳು ಎರಡು ಮನೆ ನಡೆದು, ಎದುರಾಳಿಯ ಕಾಲಾಳಿನ ಪಕ್ಕ ಹೋಗಿ ನಿಂತಿತು. ಎರಡು ದಿನ ಬಿಟ್ಟು ನೋಡಿದರೆ ನನ್ನ ಕಾಲಾಳೇ ಇಲ್ಲ! ಅವರದ್ದು ಕೋರೆಯಾಗಿ ಬಂದು ಹಿಂದಿನ ಮನೆಯಲ್ಲಿ ಕೂತಿದೆ. ಇದು ಶುದ್ಧ ಮೋಸ ಅಂತ ಸಿಟ್ಟು ಬಂತು. ನನ್ನ ಕುಂಟು ಇಂಗ್ಲಿಷಿನಲ್ಲಿ ಆ ಎದುರಾಳಿಗೆ ಒಂದು ಸಂದೇಶ ಬರೆದೆ. ಕಳ್ಳತನ ಅನ್ನುವ ಪದ ಕೂಡ ಹಾಕಿದ್ದೆ, ಈಗ ನೆನೆಸಿಕೊಂಡರೆ ನಾಚಿಕೆ.

ಮರುದಿನ ಉತ್ತರ ಬಂತು. ಇಷ್ಟುದ್ದ. ‘ಅಂಪಾಸಾಂ’ ಅನ್ನುವ ನಿಯಮ ಅದು. ಕಾಲಾಳಿಗೆ ಮೊದಲ ಸಲ ಎರಡು ಮನೆ ಹೋಗುವ ಸವಲತ್ತು ಕೊಟ್ಟ ಮೇಲೆ, ಅದು ಎದುರಾಳಿಯ ಕಣ್ಣು ತಪ್ಪಿಸಿ ದಾಟಿ ಹೋಗಬಾರದು ಅಂತ, ಒಂದೇ ಮನೆ ನಡೆದಿದೆ ಅಂತ ಲೆಕ್ಕ ಹಿಡಿದು ಹೊಡೆಯಬಹುದು. ಆದರೆ ಮರುನಡೆಯಲ್ಲೇ ಹೊಡೆಯಬೇಕು. ಅಪ್ಪನ ಆಟದಲ್ಲಿ ಎರಡು ಮನೆಯೇ ಇರಲಿಲ್ಲ, ಹಾಗಾಗಿ ಈ ನಿಯಮವೂ ಬೇಕಿರಲಿಲ್ಲ. ನಾನು ಅಪ್ಪನ ನಿಯಮ ಬರೆದು ಕಳಿಸಿದೆ. ಆ ಕಡೆಯಿಂದ ಹತ್ತು ಪ್ರಶ್ನೆ ಬಂದವು. ಶುರುವಾಗಿದ್ದು ಹೀಗೆ.

ಅವಳು ಜರ್ಮನಿಯವಳು. ಹ್ಯಾಂಬರ್ಗ್ ಪಕ್ಕ, ಎಲ್ಬ್ ನದಿಯ ದಂಡೆಯಲ್ಲಿ ಆಲ್ಟೆಸ್ ಲಾಂಡ್ ಅನ್ನುವ ಹಣ್ಣಿನ ಸೀಮೆ ಇದೆ. ಅಲ್ಲಿ ಅವಳದ್ದು ಸೇಬಿನ ತೋಟ. ನನಗಿಂತ ಏಳು ವರ್ಷ ದೊಡ್ಡವಳು. ಮೊದಲ ವರ್ಷ ಮನೆಯಲ್ಲಿ ಮಾತಾಡುವಾಗ ‘ಅವರು’ ಅನ್ನುತ್ತಿದ್ದೆ. ಯಾವಾಗ ‘ಅವಳು’ ಆದಳೋ ಗೊತ್ತಿಲ್ಲ. ನಮ್ಮ ಯಜಮಾನರಂತೂ ಅವಳ ಹೆಸರು ಹಿಡಿಯುವುದೇ ಇಲ್ಲ. ಊಟಕ್ಕೆ ಕೂತಾಗ ‘ನಿನ್ನ ಜರ್ಮನಿ ಎಂತ ಹೇಳ್ತು?’ ಅನ್ನುತ್ತಾರೆ, ನೆರೆಮನೆಯ ಅತ್ತಿಗೆಯನ್ನು ಕೇಳಿದ ಹಾಗೆ.

ನಾವು ಮೊದಲು ಮಾತಾಡಿದ್ದು ಕಾಯಿಗಳ ಹೆಸರಿನ ಬಗ್ಗೆ. ನಮ್ಮ ಆನೆ ಅವರಲ್ಲಿ ಗೋಪುರ. ನಮ್ಮ ಒಂಟೆ ಅವರಲ್ಲಿ ಓಡುವವ. ಕುದುರೆಗೆ ಅವರ ಭಾಷೆಯಲ್ಲಿ ‘ಶ್ಪ್ರಿಂಗರ್’ ಅನ್ನುತ್ತಾರಂತೆ, ಅಂದರೆ ಹಾರುವವ. ಹಾರುವ ಅಂದರೆ ಬ್ರಾಹ್ಮಣ ಅಂತಲೂ ಅರ್ಥ, ಇದನ್ನು ಹವ್ಯಕರ ಮನೆಯ ಜಗುಲಿಯಲ್ಲಿ ಹೇಳಿದರೆ ಏನಾಗುತ್ತದೆ ಯೋಚಿಸಿ. ‘ಹಾರುವ ಸೋರೆಕಾಯಿ ಪಳದ್ಯ ಬಿಟ್ಟು ಎಲ್ಲಿಗೆ ಹಾರ್ತಾ?’ ಅಂತ ಇವರು ವಾರಗಟ್ಟಲೆ ನಕ್ಕರು. ಆ ನಗು ಯಾಕೆ ಅಂತ ಅವಳಿಗೆ ಇಂಗ್ಲಿಷಿನಲ್ಲಿ ವಿವರಿಸಲು ನನಗೆ ಎರಡು ಸಂಜೆ ಬೇಕಾಯಿತು. ಕಾಲಾಳಿಗೆ ಅವರಲ್ಲಿ ‘ಬಾವರ್’. ಬಾವರ್ ಅಂದರೆ ರೈತ! ಎಂಟು ರೈತರು ಮುಂದೆ ಸಾಲಾಗಿ ನಿಂತಿರುತ್ತಾರೆ, ಮೊದಲು ಸಾಯುವವರೂ ಅವರೇ. ‘ಹಾಗಿದ್ದರೆ ನಾವಿಬ್ಬರೂ ಒಂದೇ ಸಾಲಿನವರು’ ಅಂತ ಅವಳು ಬರೆದಿದ್ದಳು.

ಫೋನಿನ ಪರದೆ ನನ್ನ ಕಣ್ಣಿಗೆ ಚಿಕ್ಕದು. ಹಾಗಾಗಿ ಜಗುಲಿಯಲ್ಲಿ ಅಪ್ಪನ ಮರದ ಹಾಸನ್ನೇ ಇಟ್ಟುಕೊಂಡಿದ್ದೇನೆ. ಅವಳ ನಡೆ ಬಂದರೆ ಅದರಲ್ಲಿ ಕಾಯಿ ಸರಿಸಿ, ಹೋಗಿ ಬಂದು ನೋಡುತ್ತಿರುತ್ತೇನೆ. ಬಿಳಿಯ ಒಂದು ಕಾಲಾಳು ಇಲ್ಲ. ಅಕ್ಕನ ಮೊಮ್ಮಗ ಬಚ್ಚಲ ಒಲೆಗೆ ಹಾಕಿದ. ಆ ಜಾಗದಲ್ಲಿ ಒಂದು ಚಾಲಿ ಅಡಿಕೆ ಕೂತಿದೆ. ಫೋಟೋ ಕಳಿಸಿದೆ. ಎರಡು ದಿನಕ್ಕೆ ಅವಳ ಹಾಸಿನ ಫೋಟೋ ಬಂತು. ಅವಳ ಕಾಯಿ ಒಂದೂ ಕಳೆದಿರಲಿಲ್ಲ. ಆದರೂ ಒಬ್ಬ ಬಾವರನನ್ನು ತೆಗೆದು ಅಲ್ಲಿ ಅಕ್ರೋಟು ಇಟ್ಟಿದ್ದಳು. ಅದು ಉರುಳಿ ಹೋಗದಂತೆ ಅಡಿಗೆ ಮೇಣ ಹಚ್ಚಿದ್ದಾಳಂತೆ.

ಚದುರಂಗದಿಂದ ಮಾತು ತೋಟಕ್ಕೆ ಬರಲು ತಡವಾಗಲಿಲ್ಲ. ಅದೂ ಮೈಲುತುತ್ತದಿಂದ. ಜೂನ್ ಮೊದಲ ವಾರ ನಾನು ನಡೆ ತಡ ಮಾಡಿದೆ. ಮರ ಹತ್ತುವ ಕೊನೆಗೌಡ ಸಿಕ್ಕಿದ ದಿನವೇ ಔಷಧಿ ಹೊಡೆಸಬೇಕು, ಅವನು ಕೈಬಿಟ್ಟು ಹೋದರೆ ಮತ್ತೆ ಹದಿನೈದು ದಿನ. ಏನು ಔಷಧಿ ಅಂತ ಕೇಳಿದಳು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಅಡಿಕೆಯ ಕೊಳೆ ರೋಗಕ್ಕೆ ಅಂದೆ. ‘ಅದು ಬೋರ್ಡೋ ಅಲ್ಲವಾ! ನಮ್ಮಲ್ಲಿ ಸೇಬಿನ ಕಜ್ಜಿ ರೋಗಕ್ಕೆ ಹೊಡೆಯುತ್ತಿದ್ದೆವು’ ಅಂದಳು. ಫ್ರಾನ್ಸಿನ ಬೋರ್ಡೋ ಕಡೆ, ದಾರಿಬದಿಯ ದ್ರಾಕ್ಷಿ ಕದಿಯಬಾರದು ಅಂತ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಎರಚಿದ ಬಳ್ಳಿಗೆ ಮಾತ್ರ ರೋಗ ಬಂದಿರಲಿಲ್ಲ. ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಅದನ್ನು ಗಮನಿಸಿ, ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ. ಮದುವೆಯಾಗಿ ಬಂದಾಗಿನಿಂದ ಈ ನೀಲಿ ನೀರು ಕಲಸುತ್ತಿದ್ದೇನೆ. ಅದರ ಹೆಸರು ಎಲ್ಲಿಂದ ಬಂತು ಅಂತ ಹೇಳಿದ್ದು ಚದುರಂಗದ ಗೆಳತಿ.

ಅಲ್ಲಿ ತಾಮ್ರಕ್ಕೆ ಮಿತಿ ಇದೆ. ಯುರೋಪಿನ ಕಾನೂನಿನಂತೆ ಒಂದು ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ, ಅದು ಮಣ್ಣಿನಲ್ಲೇ ಉಳಿದುಬಿಡುತ್ತದೆ ಅಂತ. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ. ನಮ್ಮ ತೋಟದ ಲೆಕ್ಕ ಹಾಕಿ ನೋಡು ಅಂದಳು. ಹಾಕಿದೆ. ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷದಿಂದ ಕೆಳಗಿನ ತೋಟದ ಅಷ್ಟೂ ಕೊನೆಗೆ, ಔಷಧಿಯ ಬದಲು, ಮಳೆ ತಾಗದಂತೆ ಕೊಟ್ಟೆ ಕಟ್ಟಿಸುತ್ತಿದ್ದೇವೆ.

ಅವಳ ಕಷ್ಟ ಬೇರೆ. ಏಪ್ರಿಲ್ ಕೊನೆಗೆ ಸೇಬು ಹೂ ಬಿಟ್ಟಿರುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೆ ಚಳಿ ಇಳಿದರೆ ಹೂವೆಲ್ಲ ಕಪ್ಪಾಗುತ್ತದೆ. ಅದಕ್ಕೆ ಅವರು ಹೂವಿನ ಮೇಲೆ ರಾತ್ರಿಯಿಡೀ ನೀರು ಚಿಮ್ಮಿಸುತ್ತಾರೆ. ಹೂವಿನ ಸುತ್ತ ಮಂಜುಗಡ್ಡೆ ಕಟ್ಟುತ್ತದೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖದಲ್ಲಿ ಒಳಗಿನ ಹೂ ಬದುಕುತ್ತದೆ! ನಾನು ನಂಬಲಿಲ್ಲ. ಫೋಟೋ ಕಳಿಸಿದಳು. ಗಾಜಿನ ಗೂಡಿನೊಳಗೆ ಕೂತ ಹಾಗಿತ್ತು ಹೂ. ಆ ರಾತ್ರಿಗಳಲ್ಲಿ ಪಂಪು ನಿಲ್ಲದಂತೆ ಕಾಯುತ್ತಾ ಅವಳು ಎಚ್ಚರವಾಗಿರುತ್ತಾಳೆ. ಅವಳಿಗೆ ಬೆಳಗಿನ ಜಾವ ಮೂರು ಅಂದರೆ ನಮಗೆ ಆರೂವರೆ. ನಾನು ದನ ಕರೆದು ಹಲಸಿನ ಬುಡಕ್ಕೆ ಬಂದಿರುತ್ತೇನೆ. ವರ್ಷದಲ್ಲಿ ಆ ಐದಾರು ದಿನ ಮಾತ್ರ ನಮ್ಮ ಆಟ ಓಡುತ್ತದೆ. ನಡೆಗೆ ಏಳು ದಿನದ ಬದಲು ಏಳು ನಿಮಿಷ. ನಾನು ಜಾಸ್ತಿ ಸೋಲುವುದೂ ಆಗಲೇ.

2021ರ ಜುಲೈ ಹೇಳಲೇಬೇಕು. ಆ ತಿಂಗಳ ಮಧ್ಯದಲ್ಲಿ ಜರ್ಮನಿಯ ಆರ್ ನದಿ ಕಣಿವೆಯಲ್ಲಿ ನೆರೆ ಬಂದು ನೂರಕ್ಕೂ ಹೆಚ್ಚು ಜನ ಸತ್ತರು. ಟಿವಿಯಲ್ಲಿ ನೋಡಿ ಗಾಬರಿಯಾಗಿ ಕೇಳಿದೆ. ತನ್ನೂರಿಗೂ ಅದಕ್ಕೂ 400 ಕಿಲೋಮೀಟರ್ ದೂರ, ತಾನು ಕ್ಷೇಮ ಅಂದಳು. ಶಿರಸಿಗೂ ಬೆಂಗಳೂರಿಗೂ ಇರುವಷ್ಟು ದೂರ. ಒಂದು ವಾರ ಕಳೆಯಿತು. 22, 23ನೇ ತಾರೀಕಿಗೆ ನಮ್ಮಲ್ಲಿ ಆ ಮಳೆ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಹೋಯಿತು. ನಮಗೆ ಅಷ್ಟೇನೂ ಆಗಲಿಲ್ಲ. ದರೆ ಜರಿದು ಹತ್ತು ಮರ ಹೋದವು. ಕರೆಂಟ್ ಇಲ್ಲ, ಹಲಸಿನ ಬುಡದಲ್ಲೂ ಒಂದು ಕಡ್ಡಿ ಇಲ್ಲ. ಒಂಬತ್ತು ದಿನ.

ಹತ್ತನೇ ದಿನ ಸಿಗ್ನಲ್ ಬಂದಾಗ ಆಟ ಸೋತಿದ್ದೆ. ಏಳು ದಿನ ಮೀರಿತ್ತಲ್ಲ, ಗಡಿಯಾರಕ್ಕೆ ನೆರೆ ಗೊತ್ತಿಲ್ಲ. ಕೆಳಗೆ ಅವಳ ಆರು ಸಂದೇಶ. ಮೊದಲನೆಯದು ಒಂಟೆಯ ಬಗ್ಗೆ. ಎರಡನೆಯದರಲ್ಲಿ ಭೂಪಟದಲ್ಲಿ ಶಿರಸಿ ಹುಡುಕಿದೆ ಅಂತ. ಆಮೇಲಿನವು ಒಂದೊಂದು ಸಾಲು. ಕೊನೆಯದು: ‘ಆಟ ಮುಗಿದಿಲ್ಲ. ನೀನು ಬಂದಾಗ ಅಲ್ಲಿಂದಲೇ.’ ಕ್ಷೇಮ ಅಂತ ಬರೆದೆ. ಅದೇ ಸಂಜೆ ಸವಾಲು ಬಂತು. ಲೀಚೆಸ್‌ನಲ್ಲಿ ‘ಫ್ರಮ್ ಪೊಸಿಷನ್’ ಅಂತ ಒಂದು ಆಯ್ಕೆ ಇದೆ. ಕಾಯಿಗಳನ್ನು ಬೇಕಾದ ಹಾಗೆ ಜೋಡಿಸಿ ಅಲ್ಲಿಂದಲೇ ಆಡಬಹುದು, ರೇಟಿಂಗಿಗೆ ಸೇರುವುದಿಲ್ಲ ಅಷ್ಟೆ. ನಿಂತಲ್ಲಿಗೇ ಎಲ್ಲ ಕಾಯಿ ಇಟ್ಟಿದ್ದಳು. ಈ ಸಲ ನಡೆಗೆ 14 ದಿನ. ಮುಂದೆ ಹದಿನೈದು ನಡೆಯಲ್ಲಿ ನಾನು ಸೋತೆ ಅನ್ನುವುದು ಬೇರೆ ಮಾತು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗಲೂ ಕೇಳಿದಳು. ಬೆಂಗಳೂರಿನ ನೆಂಟರಿಗಿಂತ ಮೊದಲು.

ಅತ್ತೆಗೆ ಇದೆಲ್ಲ ಸರಿಬರುವುದಿಲ್ಲ. ‘ಮೋರೆ ಕಾಣದ ಸ್ನೇಹ ಎಂತಾ ಸ್ನೇಹ’ ಅನ್ನುತ್ತಾರೆ. ಅವರ ಸಮಾಧಾನಕ್ಕೆ ಅಂತ ಒಮ್ಮೆ ವಿಡಿಯೋ ಕಾಲ್ ಮಾಡಿದೆವು. ಶಿರಸಿಯಲ್ಲಿ ಅಕ್ಕನ ಮನೆಗೆ ಹೋಗಿ, ವೈಫೈ ಹಾಕಿಕೊಂಡು. ಇಬ್ಬರೂ ಒಳ್ಳೆ ಬಟ್ಟೆ ಹಾಕಿ ಕೂತಿದ್ದೆವು. ಹಲೋ ಅಂದೆವು. ನಕ್ಕೆವು. ಹವೆ ಹೇಗಿದೆ ಅಂತ ಕೇಳಿದೆವು. ಆಮೇಲೆ ಮಾತೇ ಇಲ್ಲ! ಮೂರು ವರ್ಷ ತಾಮ್ರ, ಮಂಜು, ಸೊಸೆ, ಮಂಡಿನೋವು ಎಲ್ಲ ಮಾತಾಡಿದವರು ಬೀಗರ ಮನೆಯಲ್ಲಿ ಕೂತ ಹಾಗೆ ಕೂತೆವು. ಹನ್ನೊಂದು ನಿಮಿಷಕ್ಕೆ ಮುಗಿಯಿತು. ಮತ್ತೆ ಆ ಉಸಾಬರಿಗೆ ಹೋಗಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು, ಮಧ್ಯ ಹಾಸು ಇರಲಿಲ್ಲ. ನಮ್ಮಲ್ಲಿ ಯಾರಾದರೂ ಬಂದರೆ ಮೊದಲು ಕುಡಿಯಲು ಆಸರಿ, ಆಮೇಲೆ ಕವಳದ ಬಟ್ಟಲು. ಎಲೆಯ ತೊಟ್ಟು ಮುರಿಯುತ್ತಾ, ಸುಣ್ಣ ಸವರುತ್ತಾ, ಅಡಿಕೆ ಕತ್ತರಿಸುತ್ತಾ ಮಾತು ತಾನಾಗಿ ಬರುತ್ತದೆ. ಕೈಗೆ ಕೆಲಸ ಇದ್ದಾಗ ಸುಮ್ಮನಿದ್ದರೂ ನಡೆಯುತ್ತದೆ. ಆ ಬಟ್ಟಲು ತೆಗೆದಿಟ್ಟು ಇಬ್ಬರನ್ನು ಎದುರುಬದುರು ಕೂರಿಸಿ ನೋಡಿ, ಮಾತಾಡಿ ಅಂದರೆ ಬಾಯಿ ಕಟ್ಟುತ್ತದೆ. ಫೇಸ್‌ಬುಕ್ಕಿನಲ್ಲಿ ನನಗೆ ನಾನೂರು ಜನ ಸ್ನೇಹಿತರಿದ್ದಾರೆ, ಅಲ್ಲಿ ಎಲ್ಲರೂ ಬರೀ ಮಾತಾಡುವುದೇ. ಇಲ್ಲಿ ಮಾತಾಡಲೇಬೇಕು ಅಂತ ಯಾರೂ ಹೇಳುವುದಿಲ್ಲ. ಬರೀ ನಡೆ ಇಟ್ಟು ಹೋದರೂ ‘ಇದ್ದೇನೆ’ ಅಂತ ತಿಳಿಯುತ್ತದೆ. ಕಳೆದ ವರ್ಷ ಅವಳ ಗಂಡ ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ಒಂದು ಅಕ್ಷರ ಬರೆಯಲಿಲ್ಲ. ಆರು ದಿನಕ್ಕೊಂದು ನಡೆ ಮಾತ್ರ ಬರುತ್ತಿತ್ತು, ಅದೂ ಅವಳು ಇಡುವಂಥದ್ದಲ್ಲ, ಸುಮ್ನೆ ಕಾಲಾಳು ಮುಂದೆ ತಳ್ಳುವುದು. ನಾನೂ ಹೊಡೆಯಲು ಹೋಗಲಿಲ್ಲ. ಕುದುರೆಯನ್ನು ಆಚೆ ಹಾಕಿ ಈಚೆ ತಂದೆ. ಆ ತಿಂಗಳ ಆಟವನ್ನು ಕಂಪ್ಯೂಟರ್ ವಿಶ್ಲೇಷಣೆಗೆ ಹಾಕಿದರೆ ಇಬ್ಬರಿಗೂ ಬುದ್ಧಿ ಇಲ್ಲ ಅನ್ನುತ್ತದೆ.

ಈಗ ಕೊರತೆಗಳು. ಅಪರಿಚಿತರ ಜೊತೆ ಶುರುಮಾಡಿದ ಆಟದಲ್ಲಿ ಅರ್ಧದಷ್ಟು ಜನ ಐದಾರು ನಡೆಗೆ ಮಾಯ. ನೀವು ಕಾಯುತ್ತಾ ಕೂರಬೇಕು. ನಾನು ಇಪ್ಪತ್ತಾರು ಜನರ ಜೊತೆ ಆಡಿದ್ದೇನೆ, ಉಳಿದವಳು ಇವಳೊಬ್ಬಳು. ಕೋಲ್ಕತ್ತಾದ ಒಬ್ಬರು ಆಗಾಗ ಬರುತ್ತಾರೆ. ಅವರಿಗೆ ನಮ್ಮ ಆನೆ ದೋಣಿ, ನಮ್ಮ ಒಂಟೆ ಆನೆ. ಆ ಗಲಿಬಿಲಿಯಿಂದ ನಾನಿನ್ನೂ ಹೊರಬಂದಿಲ್ಲ. ಹಾಗಾಗಿ ಆ್ಯಪ್ ಹಾಕಿಕೊಂಡ ತಕ್ಷಣ ಗೆಳೆತನ ಸಿಗುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು, ಕಂಪ್ಯೂಟರ್ ನೋಡಿಕೊಂಡು ಆಡುವವರು. ಕರೆಸ್ಪಾಂಡೆನ್ಸ್ ಆಟದಲ್ಲಿ ಆರಂಭದ ನಡೆಗಳ ಪುಸ್ತಕ ನೋಡಬಹುದು, ನಿಯಮದಲ್ಲೇ ಇದೆ. ಎಂಜಿನ್, ಅಂದರೆ ನಡೆ ಹೇಳಿಕೊಡುವ ಕಂಪ್ಯೂಟರ್ ಪ್ರೋಗ್ರಾಂ, ನೋಡುವ ಹಾಗಿಲ್ಲ. ಸಿಕ್ಕಿಬಿದ್ದವರ ಖಾತೆಗೆ ಗುರುತು ಹಾಕುತ್ತಾರೆ. ಆದರೂ ಏಳು ದಿನ ಸಮಯ ಇದ್ದಾಗ ಆಸೆ ಯಾರಿಗಿಲ್ಲ? ರೇಟಿಂಗ್ ಏರಿಸಬೇಕು ಅನ್ನುವ ಹುಡುಗರಿಗೆ ಈ ವಿಭಾಗ ಹೇಳಿದ್ದಲ್ಲ.

ಮತ್ತೆ ಒಂದು ಎಚ್ಚರಿಕೆ, ಹೆಂಗಸರಿಗೆ ಮುಖ್ಯವಾಗಿ. ದೂರದೇಶದ ಸ್ನೇಹ ಅಂತ ಶುರುಮಾಡಿ, ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಇಷ್ಟು ಕಟ್ಟು ಅನ್ನುವವರಿದ್ದಾರೆ. ನಮ್ಮ ನೆಂಟರೊಬ್ಬರು ಎರಡು ಮೂಟೆ ಚಾಲಿಯ ದುಡ್ಡು ಕಳೆದುಕೊಂಡರು. ಅಂಥದ್ದಾದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಇಷ್ಟು ವರ್ಷದಲ್ಲಿ ಇವಳು ನನ್ನಿಂದ ಕೇಳಿದ್ದು ಎರಡೇ: ಅಪ್ಪೆಹುಳಿ ಮಾಡುವ ಕ್ರಮ, ಮತ್ತು ‘ಅಷ್ಟು ಒಳ್ಳೆ ಆನೆಯನ್ನು ಅಲ್ಲಿ ಯಾಕಿಟ್ಟೆ?’ ಮಾವಿನ ಮಿಡಿ ಅಲ್ಲಿ ಎಲ್ಲಿ ಸಿಗಬೇಕು? ಹುಳಿ ಸೇಬಿನಲ್ಲಿ ಮಾಡಿದಳಂತೆ. ಇಂಗು ಜಾಸ್ತಿಯಾಗಿ ಗಂಡ ಕಿಟಕಿ ತೆಗೆದನಂತೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಆ ಗಡಿಯಾರಕ್ಕೆ. ಮಳೆಗಾಲಕ್ಕೆ 14 ದಿನವೂ ಕಡಿಮೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ರೇಟಿಂಗ್ ಬಿಟ್ಟು ಆಡುತ್ತೇವೆ, ಸಮಯ ಮೀರಿದರೆ ಮತ್ತೆ ಕಾಯಿ ಜೋಡಿಸಿಕೊಳ್ಳುತ್ತೇವೆ.

ಈಗ ಮೂವತ್ತೊಂದನೇ ನಡೆ. ಸರದಿ ನನ್ನದು, ಇನ್ನು ಎರಡು ದಿನ ಇದೆ. ಒಂಟೆ ಸಿಕ್ಕಿಬಿದ್ದಿದೆ. ಬಿಡಿಸಿದರೆ ಚಾಲಿ ಅಡಿಕೆ ಹೋಗುತ್ತದೆ. ಮಳೆ ಸ್ವಲ್ಪ ಹೊಳವಾಗಿದೆ, ಛತ್ರಿ ಹಿಡಿದು ದರೆ ಹತ್ತಿದರೆ ಇದನ್ನೂ ಕಳಿಸಿ ಅದನ್ನೂ ಆಡಿ ಬರಬಹುದು.